ಅಂಚಿನಲ್ಲಿ ನಿಂತವರು

ಕೆಂಗೇರಿ ಉಪನಗರದಲ್ಲಿರುವ ನನ್ನ ಸೋದರಳಿಯ ಕಳೆದ ಭಾನುವಾರ ಬೆಳಗ್ಗೆ, ಕಾಫಿಯ ಹೊತ್ತಿಗೆ ಸರಿಯಾಗಿ, ವಿಜಯನಗರದ ನಮ್ಮ ಮನೆಗೆ ದಯಮಾಡಿಸಿದ. ಹೆಗಲಲ್ಲಿ ಡಿಜಿಟಲ್ ಕ್ಯಾಮೆರಾ, ಕೈಯಲ್ಲೊಂದು ಚೀಟಿ, ಮುಖದ ತುಂಬ ಚಿಂತೆ. ಕಾಫಿಗೆ ಸಕ್ಕರೆ ಸಾಲದೆಂಬ ತನ್ನ ಎಂದಿನ ದೂರನ್ನೂ ಅವನು ಮರೆತಿದ್ದನೆಂದ ಮೇಲೆ ಆ ಚಿಂತೆಯ ಆಳವನ್ನು ವಾಚಕರು ಊಹಿಸಿಕೊಳ್ಳಬಹುದು.

“ಮಾವ, ಮುಂದಿನ ತಿಂಗಳು ಅಜ್ಜಿಗೆ ಎಂಬತ್ತು ತುಂಬುತ್ತದೆ. ರಾಜಾಜಿನಗರದ ಮನೆಯ ಹಜಾರದಲ್ಲಿ ಹದಿನಾಲ್ಕು ಜನರನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕು. ನನ್ನ ಲೆನ್ಸಿಗೆ ಅಷ್ಟು ಅಗಲ ಕಾಣುವುದಿಲ್ಲ. ಈ ಎರಡರಲ್ಲಿ ಯಾವುದನ್ನು ಕೊಳ್ಳಲಿ, ನೀವೇ ಹೇಳಿ.”

ಚೀಟಿಯಲ್ಲಿದ್ದದ್ದು ಎರಡು ವಿಶಾಲಕೋನ ಮಸೂರಗಳ ಹೆಸರು. ಒಂದು, ನಿಕಾನ್ ಸಂಸ್ಥೆ 2017ರಲ್ಲಿ ಹೊರತಂದ 10-20 ಮಿಲಿಮೀಟರಿನದು. ಇನ್ನೊಂದು, ಟೋಕಿನಾದವರ 11-16. ಹುಡುಗನ ಕ್ಯಾಮೆರಾದ ಸೆನ್ಸರ್ ಹಿಂದಿನ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗಿಂತ ಒಂದೂವರೆ ಪಟ್ಟು ಕಿರಿದಾದದ್ದು. ಆದ್ದರಿಂದ ಅದರಲ್ಲಿ 10ರ ಮಸೂರವು ಫಿಲ್ಮ್ ಕ್ಯಾಮೆರಾದ 15ರಂತೆ ನೋಡುತ್ತದೆ. ಕ್ಯಾಮೆರಾದೊಡನೆ ಬಂದ 18-55ರ ಮಸೂರ ಮೂಲೆಯಿಂದ ಮೂಲೆಗೆ 76 ಡಿಗ್ರಿ ಕಂಡರೆ, ಟೋಕಿನಾ 104 ಡಿಗ್ರಿಯನ್ನೂ ನಿಕಾನ್ 109 ಡಿಗ್ರಿಯನ್ನೂ ಕಾಣುತ್ತವೆ. ಒಂದೇ ಒಂದು ಮಿಲಿಮೀಟರಿಗೆ ಐದು ಡಿಗ್ರಿಯ ಅಂತರ!

ಉಳಿದ ಗುಣಗಳಲ್ಲಿ ಇವೆರಡೂ ಅಣ್ಣ ತಮ್ಮಂದಿರಲ್ಲ. ನಿಕಾನ್ ತೂಗುವುದು 230 ಗ್ರಾಂ; ಟೋಕಿನಾ ಅದರ ಇಮ್ಮಡಿಗೂ ಮಿಕ್ಕಿದ ಭಾರ. ಆದರೆ ಆ ಭಾರಕ್ಕೆ ಪ್ರತಿಫಲವುಂಟು. ಅದರ ಕಿಂಡಿ ಎಫ್/2.8ರಷ್ಟು ತೆರೆದುಕೊಳ್ಳುತ್ತದೆ, ನಿಕಾನಿನದು ಎಫ್/4.5. ಎಂದರೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಕು. ನಿಕಾನಿನಲ್ಲಿ ಕೈನಡುಕವನ್ನು ತಡೆಯುವ ಏರ್ಪಾಡಿದೆ, ನಿಜ. ಅದು ನಮ್ಮ ಕೈಯ ನಡುಕವನ್ನು ನಿಲ್ಲಿಸೀತೇ ಹೊರತು ಎದುರಿಗೆ ಓಡುವ ಮಗುವನ್ನು ನಿಲ್ಲಿಸಲಾರದು. ಇನ್ನೊಂದು ಎಚ್ಚರಿಕೆ: ಈ ನಿಕಾನ್ ಮಸೂರ ಅದೇ ಸಂಸ್ಥೆಯ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಟೋಕಿನಾದ ಮೊದಲ ಆವೃತ್ತಿಯಲ್ಲೋ ಮೋಟಾರಿಲ್ಲ. ಚಿಕ್ಕ ನಿಕಾನ್ ಕ್ಯಾಮೆರಾಗಳಲ್ಲಿ ಅದನ್ನು ಕೈಯಿಂದಲೇ ತಿರುಗಿಸಿಕೊಳ್ಳಬೇಕು. ಕೊಳ್ಳುವವರು ತಮ್ಮ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಪರೀಕ್ಷಿಸುವುದು ಕ್ಷೇಮ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅವನ ಬಾಯಲ್ಲಿ “ಹಜಾರ” ಎಂಬ ಮಾತು ಬಂದೊಡನೆ ನನಗೆ ನಮ್ಮ ದೊಡ್ಡಮ್ಮನ ನೆನಪಾಯಿತು.

ಹನ್ನೆರಡು ವರ್ಷಗಳ ಹಿಂದೆ, ಅದೇ ಹಜಾರದಲ್ಲಿ, ತಮ್ಮನ ನಿಶ್ಚಿತಾರ್ಥದ ದಿನ, ನಾನೂ ಇಂಥದೇ ಒಂದು 10ರ ಮಸೂರವನ್ನು ಕಡ ತಂದಿದ್ದೆ. ಎಲ್ಲರೂ ಸಾಲಾಗಿ ನಿಂತಾದ ಮೇಲೆ ಅಡಿಗೆಮನೆಯಿಂದ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದ ದೊಡ್ಡಮ್ಮ, ಎಂದಿನಂತೆ, ಸಾಲಿನ ತುದಿಯಲ್ಲಿ ನಿಂತರು. “ಎಲ್ಲರೂ ಹಿಡಿಸಿದರು!” ಎಂದು ಹಿಗ್ಗಿ ನಾನು ಗುಂಡಿ ಒತ್ತಿದೆ. ಹಿಡಿಸಿದ್ದರು, ಸುಳ್ಳಲ್ಲ. ಆದರೆ ಚಿತ್ರದಲ್ಲಿ ದೊಡ್ಡಮ್ಮನ ಮುಖ ಪಕ್ಕಕ್ಕೆ ಎಳೆದ ಹಿಟ್ಟಿನ ಉಂಡೆಯಂತಾಗಿತ್ತು. “ನಾನು ಇಷ್ಟೊಂದು ದಪ್ಪಗಿದ್ದೀನೇನೋ?” ಎಂದು ಅವರು ನಕ್ಕರು, ನಾವೂ ನಕ್ಕೆವು.

ಮರುವರ್ಷ ಅವರು ತೀರಿಕೊಂಡರು. ಗೋಡೆಗೆ ಹಾಕಲು ಒಂದು ಚಿತ್ರಕ್ಕಾಗಿ ಮನೆಯನ್ನೆಲ್ಲ ಹುಡುಕಿದೆವು. ಎಲ್ಲ ಸಮಾರಂಭಗಳಲ್ಲಿಯೂ ಬಡಿಸುತ್ತಲೇ ಇದ್ದವರ ಬೆನ್ನು ಸಿಕ್ಕಿತು, ಕೈ ಸಿಕ್ಕಿತು. ಮುಖ ಈ ಕಡೆ ತಿರುಗಿದ್ದ ಚಿತ್ರ ಅದೊಂದೇ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಅಗಲವನ್ನು ಕುಗ್ಗಿಸಿ ಕೊಟ್ಟರು. ಮುಖ ಕಿರಿದಾಯಿತು, ಆದರೆ ಅದು ನಮ್ಮ ದೊಡ್ಡಮ್ಮನ ಮುಖವಾಗಲಿಲ್ಲ.

ಇದರಲ್ಲಿ ಮಸೂರ ಮಾಡಿದವನ ತಪ್ಪಿಲ್ಲ. ಟಾರ್ಚಿನ ಬೆಳಕನ್ನು ಗೋಡೆಗೆ ನೇರವಾಗಿ ಬಿಟ್ಟರೆ ದುಂಡಗೆ ಬೀಳುತ್ತದೆ. ಓರೆಯಾಗಿ ಬಿಟ್ಟರೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಸರಳರೇಖೆಯನ್ನು ಸರಳವಾಗಿಯೇ ಉಳಿಸುವ ಯಾವ ವಿಶಾಲಕೋನ ಮಸೂರವಾದರೂ, ಎಷ್ಟೇ ಬೆಲೆಯದಾದರೂ, ಚೌಕಟ್ಟಿನ ಅಂಚಿನಲ್ಲಿ ಹೀಗೆಯೇ ಮಾಡಬೇಕು. ಈ ಕ್ಯಾಮೆರಾದಲ್ಲಿ 10 ಮಿಲಿಮೀಟರಿನಲ್ಲಿ ತೆಗೆದರೆ, ಎಡಬಲದ ತುದಿಯಲ್ಲಿರುವ ದುಂಡು ವಸ್ತು ತನ್ನ ಎತ್ತರದ ಒಂದೂವರೆ ಪಟ್ಟು ಅಗಲವಾಗುತ್ತದೆ. 18ರಲ್ಲಾದರೆ ಐದರಲ್ಲೊಂದು ಪಾಲು ಮಾತ್ರ ಹಿಗ್ಗುತ್ತದೆ. ನಡುವೆ ಕುಳಿತವರಿಗೆ ಏನೂ ಆಗುವುದಿಲ್ಲ. ಎಲ್ಲರನ್ನೂ ಒಳಗೊಂಡ ಸಂತೋಷದ ಬೆಲೆಯನ್ನು ಅಂಚಿನಲ್ಲಿ ನಿಂತವರು ತೆರಬೇಕಾಗುತ್ತದೆ.

“ಹಾಗಾದರೆ ಈ ಲೆನ್ಸು ಯಾತಕ್ಕೂ ಬೇಡವೇ?” ಎಂದ ಹುಡುಗ, ಕಳೆಗುಂದಿ. ಉತ್ತರವನ್ನು ಬಾಯಿಂದ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದು ಲೇಸೆಂದು, ನೆರೆಮನೆಯ ಮಿತ್ರರ 10-20ನ್ನು ಅರ್ಧ ದಿನಕ್ಕೆ ಬೇಡಿ ಪಡೆದು, ಅವನನ್ನು ಕೆಂಗೇರಿಯಾಚೆ ಕೇತೋಹಳ್ಳಿಯ ದೊಡ್ಡ ಆಲದಮರಕ್ಕೆ ಕರೆದೊಯ್ದೆ.

ಸುಮಾರು ನಾಲ್ಕು ಶತಮಾನ ಬಾಳಿದ್ದೆಂದು ಹೇಳುವ ಈ ಮರ ಮೂರು ಎಕರೆಯಷ್ಟು ಹರಡಿದೆ. ಮೂಲ ಕಾಂಡ ರೋಗದಿಂದ ನಶಿಸಿ ವರ್ಷಗಳೇ ಕಳೆದಿವೆ. ನೆಲಕ್ಕಿಳಿದು ಕಾಂಡಗಳಾದ ಬಿಳಲುಗಳೇ ಇಂದು ಮರ. 2024ರ ಜೂನ್ ಆರಂಭದ ಭಾರಿ ಮಳೆಗೆ ಅದರಲ್ಲಿಯೂ ಒಂದು ಭಾಗ ಉರುಳಿತು. ಹುಡುಗ ಮೊದಲು ದೂರ ಸರಿದು, ಮರವೆಲ್ಲವೂ ಬರಲೆಂದು ಒಂದು ಚಿತ್ರ ತೆಗೆದ. ಬಂದದ್ದು ಮುಗಿಲೂ ನೆಲವೂ. ನಡುವೆ ಬೇಲಿಯಂಥ ಹಸುರು ಗೀಟು. “ಈಗ ಒಂದು ಬಿಳಲಿನ ಹತ್ತಿರ, ಕೈಗೆಟುಕುವಷ್ಟು ಹತ್ತಿರ ಹೋಗು” ಎಂದೆ. ಹೋಗಿ ತೆಗೆದ. ಆ ಬಿಳಲಿನ ಸಿಪ್ಪೆಯ ಬಿರುಕುಗಳು ಅಂಗೈ ಗೆರೆಗಳಂತೆ ಮುಂದೆ ಬಂದು ನಿಂತವು. ಅದರ ಹಿಂದೆ ನೂರಾರು ಕಂಬಗಳು ದೇವಾಲಯದ ಮಂಟಪದಂತೆ ಒಳಗೊಳಗೆ ಸರಿದುಹೋದವು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ವಿಶಾಲಕೋನವೆಂದರೆ ದೂರ ನಿಂತು ಎಲ್ಲವನ್ನೂ ತುಂಬಿಕೊಳ್ಳುವ ಚೀಲವಲ್ಲ. ಅದು ಹತ್ತಿರ ಹೋಗುವವನ ಕಣ್ಣು.

ಮರಳುವ ದಾರಿಯಲ್ಲಿ ತೀರ್ಮಾನವಾಯಿತು. ಬಯಲಿನಲ್ಲಿ ಅಲೆಯುವವನಿಗೆ ಹಗುರವಾದ 10-20 ಸಾಕು. ಮಂದ ಬೆಳಕಿನಲ್ಲಿ ಚಲಿಸುವ ಜನರನ್ನೂ ರಾತ್ರಿಯ ನಕ್ಷತ್ರಗಳನ್ನೂ ಹಿಡಿಯುವವನಿಗೆ 11-16. ಅಜ್ಜಿಯ ಚಿತ್ರಕ್ಕೆ ಎರಡೂ ಬೇಡ. ಬೆಳಗಿನ ಹೊತ್ತು ಮನೆಯ ಮುಂದೆ ಕುರ್ಚಿ ಹಾಕಿ ಆಕೆಯನ್ನು ಕೂರಿಸಿ, ಉಳಿದವರನ್ನು ಎರಡು ಸಾಲು ಮಾಡಿ, ಕ್ಯಾಮೆರಾವನ್ನು ರಸ್ತೆಯ ಎದುರು ಬದಿಯಲ್ಲಿ ನಿಲ್ಲಿಸಿದರಾಯಿತು. ಹದಿನೈದು ಅಡಿ ದೂರದಿಂದ 18ರ ಮಸೂರವೇ ಹತ್ತೊಂಬತ್ತು ಅಡಿಯಗಲವನ್ನು ಕಾಣುತ್ತದೆ. ಇಕ್ಕೆಲದಲ್ಲಿಯೂ ಬೇಕಾದಷ್ಟು ಜಾಗ ಉಳಿಯುತ್ತದೆ.

“ಆದರೂ ತುದಿಯಲ್ಲಿ ಯಾರಾದರೂ ನಿಲ್ಲಲೇಬೇಕಲ್ಲ, ಮಾವ?”

“ನನ್ನನ್ನು ನಿಲ್ಲಿಸು” ಎಂದೆ. “ಅಡಿಗೆಮನೆಯಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡಿ, ಅವರನ್ನು ಕರೆತಂದು ನಡುವೆ ಕೂರಿಸಿ, ಆಮೇಲೆ ಗುಂಡಿ ಒತ್ತು.”