ಬ್ಯಾಂಕಿನ ವಕೀಲರು ಯಾರ ವಕೀಲರು?

ತೋಟ ಕೊಳ್ಳಲು ಸಾಲ ಕೇಳಿ ಹೋದ ಸದಸ್ಯರಿಗೆ ಬ್ಯಾಂಕಿನ ಮ್ಯಾನೇಜರು ಮೊದಲು ಹೇಳುವುದು, ‘ನಮ್ಮ ಪ್ಯಾನೆಲ್ ವಕೀಲರಲ್ಲಿ ಕಾಗದಪತ್ರ ತೋರಿಸಿ ಅಭಿಪ್ರಾಯ ಮಾಡಿಸಿ’ ಎಂದು. ವಕೀಲರ ಶುಲ್ಕ ಸಾಮಾನ್ಯವಾಗಿ ಸಾಲಗಾರನ ತಲೆಗೇ ಬರುತ್ತದೆ. ಹಣ ಕೊಟ್ಟವನು ತಾನಾದ್ದರಿಂದ ಆ ವಕೀಲರೂ ತನ್ನವರೇ ಎಂದು ಬೆಳೆಗಾರ ತಿಳಿಯುವುದು ಸಹಜ. ಆದರೆ ಅವರ ಕಕ್ಷಿದಾರ ಬ್ಯಾಂಕು. ಅಭಿಪ್ರಾಯ ಬರೆಯುವುದು ಬ್ಯಾಂಕಿಗೆ. ಅನೇಕ ಶಾಖೆಗಳಲ್ಲಿ ಅದರ ಪ್ರತಿ ಸಾಲಗಾರನ ಕೈಗೆ ಬರುವುದೇ ಇಲ್ಲ.

ಬ್ಯಾಂಕು ತನಗೆ ನಂಬಿಕೆಯುಳ್ಳ ವಕೀಲರನ್ನೇ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಸಾಲ ಕೊಡುವುದು ಠೇವಣಿದಾರರ ದುಡ್ಡು ತಾನೆ. ನನ್ನ ತಕರಾರಿರುವುದು ನಮ್ಮವರ ಮಾತಿನ ಮೇಲೆ: ‘ಬ್ಯಾಂಕಿನವರೇ ನೋಡಿ ಸರಿ ಎಂದ ಮೇಲೆ ಇನ್ನೊಬ್ಬರಿಗೆ ಯಾಕೆ ಫೀಸು?’

ಒಂದು ಲೆಕ್ಕ ಹಾಕೋಣ. ನಾಲ್ಕು ಎಕರೆ ತೋಟಕ್ಕೆ 80 ಲಕ್ಷ ಬೆಲೆ, ಬ್ಯಾಂಕಿನ ಸಾಲ 45 ಲಕ್ಷ, ಉಳಿದ 35 ಲಕ್ಷ ನಿಮ್ಮ ಕೈಯದು. ನಾಳೆ ಒಂದು ಎಕರೆ ಬೇರೊಬ್ಬರದೆಂದು ತೀರ್ಮಾನವಾದರೆ, ಉಳಿದ ಮೂರು ಎಕರೆಯ 60 ಲಕ್ಷದಲ್ಲಿ ಬ್ಯಾಂಕಿನ ಸಾಲ ಭದ್ರವಾಗಿಯೇ ಇರುತ್ತದೆ. ಹೋದ 20 ಲಕ್ಷ ಪೂರ್ತಿ ನಿಮ್ಮದು, ಕಂತು ಮಾತ್ರ ಮೊದಲಿನಷ್ಟೇ. ಬ್ಯಾಂಕಿಗೆ ಸಾಕಾಗುವಷ್ಟು ಒಳ್ಳೆಯ ಹಕ್ಕು ಕೊಳ್ಳುವವನಿಗೆ ಸಾಕಾಗಬೇಕೆಂದಿಲ್ಲ.

ಪ್ಯಾನೆಲ್ ವಕೀಲರು ಹೆಚ್ಚಾಗಿ ನೋಡುವುದು ಮೂಲಪತ್ರಗಳು, ಸುಮಾರು 30 ವರ್ಷಗಳ ಋಣಭಾರ ಪತ್ರ, ಪಹಣಿ, ಮ್ಯುಟೇಶನ್, ಕಂದಾಯದ ರಶೀದಿ. ನಮ್ಮ ಮಲೆನಾಡು-ಕರಾವಳಿಯ ತಕರಾರು ಹುಟ್ಟುವುದು ಈ ಕಾಗದಗಳ ಸಂದಿಯಲ್ಲಿ. ಎಂಟು ಎಕರೆ ಎಂದು ಬೇಲಿ ತೋರಿಸುತ್ತಾರೆ, ಪಹಣಿಯಲ್ಲಿರುವುದು ಐದೇ ಎಕರೆ. ಉಳಿದದ್ದು ದಕ್ಷಿಣ ಕನ್ನಡವಾದರೆ ಕುಮ್ಕಿ, ಉತ್ತರ ಕನ್ನಡವಾದರೆ ಸೊಪ್ಪಿನ ಬೆಟ್ಟ, ಕೊಡಗಾದರೆ ಬಾಣೆ, ಚಿಕ್ಕಮಗಳೂರಾದರೆ ಒತ್ತುವರಿ. ಕುಮ್ಕಿ, ಬೆಟ್ಟ, ಬಾಣೆಗಳ ವಿಚಾರ 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಮಿನಲ್ಲಿ ಸವಲತ್ತೆಂದು ಬಂದಿದೆ, ಸವಲತ್ತು ಮಾಲೀಕತ್ವವಾಗದು. ಬ್ಯಾಂಕು ಐದೇ ಎಕರೆ ಹಿಡಿದು ಸಾಲ ಕೊಟ್ಟೀತು, ನೀವು ಬೆಲೆ ತೆತ್ತಿರುವುದು ಎಂಟಕ್ಕೆ.

ಇನ್ನು ಪೋಡಿಯಾಗದ ಜಂಟಿ ಪಹಣಿ, ಗಡಿ ಅಳತೆ, ಕಣಕ್ಕೆ ಲಾರಿ ಬರುವ ದಾರಿ ಯಾರ ಸರ್ವೆ ನಂಬರಿನಲ್ಲಿದೆ, ಕೆರೆ-ತೋಡಿನ ನೀರಿನಲ್ಲಿ ಪಾಲೆಷ್ಟು? ಇವನ್ನು ಸಾಲದ ಸಲುವಾಗಿ ಯಾರೂ ಕೆದಕುವುದಿಲ್ಲ. ದಾರಿಯಿಲ್ಲದ ತೋಟ ಎಂಥದೆಂದು ಕೊಯ್ಲಿನ ಕಾಲದಲ್ಲಿ ಚೀಲ ಹೊತ್ತವರನ್ನು ಕೇಳಬೇಕು.

30 ವರ್ಷದ ಪತ್ರ ಹಿಂದಕ್ಕೆ ಹೋದರೆ 1990ರ ದಶಕದಲ್ಲಿ ನಿಲ್ಲುತ್ತದೆ. 1960ರ ದಶಕದ ದರಖಾಸ್ತು ಮಂಜೂರಾತಿ ಅದರಲ್ಲಿ ಕಾಣದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದಾಗಿದೆ. ಮೂಲ ಮಂಜೂರಾತಿದಾರರಿಗೆ ಅದು ನ್ಯಾಯವೇ. ಮಂಜೂರಾತಿ ಕಡತ ತೆಗೆಸಿ ನೋಡುವ ಹೊಣೆ ಕೊಳ್ಳುವವನದು. ಪಾಲುಪಟ್ಟಿಯಲ್ಲಿ ಹೆಣ್ಣುಮಕ್ಕಳ ಸಹಿ ಇದೆಯೇ ಎಂಬುದೂ ಹಾಗೆಯೇ, 2005ರ ತಿದ್ದುಪಡಿಯ ನಂತರ ಇದು ಸಣ್ಣ ಮಾತಲ್ಲ.

ಅಭಿಪ್ರಾಯ ತಪ್ಪಾದರೆ ವಕೀಲರನ್ನು ಹಿಡಿಯಬಹುದೆಂಬ ಧೈರ್ಯವೂ ಬೇಡ. ವಂಚನೆಯಲ್ಲಿ ಕೈಜೋಡಿಸಿದ ಪುರಾವೆಯಿಲ್ಲದೆ, ಅಭಿಪ್ರಾಯ ತಪ್ಪೆಂಬ ಒಂದೇ ಕಾರಣಕ್ಕೆ ಪ್ಯಾನೆಲ್ ವಕೀಲರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲದೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ವಕೀಲಿ ಸೇವೆ ಗ್ರಾಹಕ ಕಾಯ್ದೆಗೆ ಒಳಪಡದೆಂದು 2024ರಲ್ಲಿ ತೀರ್ಪಿತ್ತಿದೆ.

ಇರುವ ತೋಟದ ಮೇಲೆಯೇ ಸಾಲ ಎತ್ತುವವರಿಗೆ, ಕುಟುಂಬದಲ್ಲಿ ತಕರಾರಿಲ್ಲದಿದ್ದರೆ, ಪ್ಯಾನೆಲ್ ವಕೀಲರೊಬ್ಬರೇ ಸಾಕು. ಕೊಳ್ಳುವವರು ಮಾತ್ರ ಮುಂಗಡ ಕೊಡುವ ಮೊದಲೇ ತಮ್ಮದೇ ವಕೀಲರನ್ನು ನೋಡಲಿ. ಪ್ಯಾನೆಲಿನ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ಪಟ್ಟಿಯನ್ನೇ ಕೇಳಿ, ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ಓಡಾಡುವ, ಸರ್ವೆ ಕಚೇರಿಯ ಮೆಟ್ಟಿಲು ಹತ್ತಿ ಗೊತ್ತಿರುವ ಒಬ್ಬರನ್ನು ಸೂಚಿಸಿ. ದಲ್ಲಾಳಿ ಹೇಳಿದ ಹೆಸರಾದರೆ ಎರಡು ಬಾರಿ ಯೋಚಿಸಿ. ಮಾರುವವರ ಕೇಸು ನಡೆಸಿದವರಾದರೆ ಬೇಡವೇ ಬೇಡ. ಬ್ಯಾಂಕಿನ ವಕೀಲರು ಹಕ್ಕು ಸರಿಯಿಲ್ಲವೆಂದರೆ ಮುಂಗಡ ವಾಪಸು ಎಂಬ ಮಾತು ಕರಾರಿನಲ್ಲಿ ಬರೆದಿರಲಿ. ಅಡವಿಟ್ಟ ಪತ್ರಗಳ ಪಟ್ಟಿಗೆ ಬ್ಯಾಂಕಿನ ಸಹಿ ಪಡೆಯಿರಿ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅವು ಮರಳಬೇಕು, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕಿನ 2023ರ ಆದೇಶವಿದೆ.

ನಮ್ಮ ಸಹಕಾರಿ ಬ್ಯಾಂಕುಗಳಿಗೂ ಈ ಮಾತು ಅನ್ವಯ. ಶುಲ್ಕ ತೆತ್ತ ಸಾಲಗಾರನಿಗೆ ವಕೀಲರ ಅಭಿಪ್ರಾಯದ ಪ್ರತಿ ಕೊಡಲೇಬೇಕೆಂದು ಎಲ್ಲ ಬ್ಯಾಂಕುಗಳನ್ನೂ ಒತ್ತಾಯಿಸುವ ನಿರ್ಣಯವನ್ನು ಮುಂದಿನ ಮಹಾಸಭೆಯ ಮುಂದಿಡುತ್ತೇನೆ. ಪ್ರತಿ ಕೇಳಿ ಇಲ್ಲವೆನಿಸಿಕೊಂಡ ಸದಸ್ಯರು ಶಾಖೆಯ ಹೆಸರು, ತಾರೀಖು ಬರೆದು ಸಂಘದ ಕಚೇರಿಗೆ ತಲಪಿಸಬೇಕು.