ಆಟದ ಒಡೆತನ ಯಾರದು?

ಅಮೇರಿಕಾ ದೇಶದಲ್ಲಿ ಹುಟ್ಟಿ ಈಗ ಲೋಕದ ನಾನಾ ದೇಶಗಳಿಗೆ ಹಬ್ಬಿರುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ವಿಷಯದಲ್ಲಿ ಅದರ ಒಡೆಯರಿಗೂ ಆಟಗಾರರಿಗೂ ನಡೆದ ವಿವಾದವನ್ನು ಬರಿಯ ಹುಡುಗಾಟದ ಗಲಾಟೆಯೆಂದು ಕೆಲವರು ತಳ್ಳಿಹಾಕುವುದುಂಟು. ಸ್ವತ್ತಿನ ಒಡೆಯನು ತನ್ನ ಸ್ವತ್ತನ್ನು ತನ್ನಿಷ್ಟದಂತೆ ವಿನಿಯೋಗಿಸಿದರೆ ಪರರಿಗೇನು ಬಾಧೆ. ಆಟವು ಆಟವೇ ಹೊರತು ಮತ್ತೇನೂ ಅಲ್ಲ. ಆಟಗಾರರಾದರೋ ಯಾವ ಮಾರ್ಪಾಡನ್ನೂ ಸಹಿಸದ ಜನ. ಹೀಗೆಂದು ಅವರ ವಾದ. ಇದು ಮೇಲುನೋಟಕ್ಕೆ ಸಮಂಜಸವಾಗಿ ಕಂಡರೂ ವಿಚಾರದೆದುರು ನಿಲ್ಲತಕ್ಕುದಲ್ಲ.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ನಾಲ್ಕಾರು ಜನರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುವರು. ಒಬ್ಬನು ಸೂತ್ರಧಾರನಾಗಿ ಕಥೆಯ ಸನ್ನಿವೇಶವನ್ನು ಹೇಳುತ್ತ ಹೋಗುವನು. ಉಳಿದವರು ತಮ್ಮ ಪಾತ್ರವು ಏನು ಮಾಡುವುದೆಂಬುದನ್ನು ನುಡಿಯುವರು. ಫಲಿತವು ಸಂದಿಗ್ಧವಾದಾಗ ಇಪ್ಪತ್ತು ಮುಖದ ದಾಳವು ತೀರ್ಮಾನಿಸುವುದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದರ ನಿಯಮಗಳನ್ನು ಪ್ರಕಟಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಚದುರಂಗದ ಮಣೆಯನ್ನು ಕೊಂಡವನಿಗೆ ಆಟವೇ ಕೈಗೆ ಬಂದಂತಾಯಿತು. ಈ ನಿಯಮಗ್ರಂಥವನ್ನು ಕೊಂಡವನಿಗಾದರೋ ಆಟವು ಇನ್ನೂ ದೊರೆತಿಲ್ಲ. ಕಥೆ, ಊರು, ರಾಜ್ಯ, ರಾಕ್ಷಸ, ಪಾತ್ರಗಳ ಸುಖದುಃಖ ಇವೆಲ್ಲವನ್ನೂ ಆಡುವವರೇ ಕಲ್ಪಿಸಬೇಕು. ಗ್ರಂಥವು ಸೂತ್ರಮಾತ್ರ, ಭಾಷ್ಯವು ಆಟಗಾರರದು.

ಮೂಲ ಸಂಸ್ಥೆಯು ಸಾಲದಲ್ಲಿ ಮುಳುಗಲು, 1997ರಲ್ಲಿ 'ವಿಜರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಸಂಸ್ಥೆಯು ಅದನ್ನು ಕೊಂಡಿತು. ಆ ಸಂಸ್ಥೆಯನ್ನು 1999ರಲ್ಲಿ 'ಹ್ಯಾಸ್‌ಬ್ರೋ' ಎಂಬ ಆಟಿಕೆಗಳ ದೊಡ್ಡ ಕಂಪೆನಿಯು ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿಯೊಡನೆ ಒಡೆಯರು 'ಓಪನ್ ಗೇಮ್ ಲೈಸೆನ್ಸ್' ಎಂಬ ಅನುಮತಿಪತ್ರವನ್ನು ಹೊರಡಿಸಿದರು. ಆಟದ ಮುಖ್ಯ ನಿಯಮಗಳನ್ನು ಬಳಸಿಕೊಂಡು ಯಾರಾದರೂ ಹೊಸ ಗ್ರಂಥಗಳನ್ನು ಬರೆದು ಮಾರಬಹುದು, ಗೌರವಧನವನ್ನು ಕೊಡಬೇಕಾದುದಿಲ್ಲ, ಅನುಮತಿಯು ಶಾಶ್ವತವಾದುದು ಎಂದು ಅದರಲ್ಲಿ ಬರೆದಿತ್ತು. ಈ ಮಾತನ್ನು ನಂಬಿ ಎಷ್ಟೋ ಸಣ್ಣ ಪ್ರಕಾಶಕರು ಬದುಕು ಕಟ್ಟಿಕೊಂಡರು. 2008ರಲ್ಲಿ ನಾಲ್ಕನೆಯ ಆವೃತ್ತಿಯು ಬಿಗಿಯಾದ ಬೇರೊಂದು ಅನುಮತಿಪತ್ರದೊಡನೆ ಬಂದಾಗ, 'ಪೈಜೋ' ಎಂಬ ಸಂಸ್ಥೆಯು ಹಳೆಯ ಪತ್ರದ ಆಧಾರದಿಂದಲೇ ಹಳೆಯ ನಿಯಮಗಳನ್ನು ಪರಿಷ್ಕರಿಸಿ, 2009ರಲ್ಲಿ 'ಪಾತ್‌ಫೈಂಡರ್' ಎಂಬ ಆಟವನ್ನು ಹೊರತಂದಿತು. ಒಡೆಯರು ಕೈಬಿಟ್ಟ ನಿಯಮಗಳನ್ನು ಆಟಗಾರರು ಉಳಿಸಿಕೊಂಡರು. ಇದು ಆ ಪತ್ರದ ಮಹಿಮೆ.

2023ರ ಜನವರಿಯಲ್ಲಿ ಹೊಸ ಅನುಮತಿಪತ್ರದ ಕರಡೊಂದು ಬಯಲಾಯಿತು. ಹಳೆಯ ಪತ್ರವು ಇನ್ನು 'ಅಧಿಕೃತ'ವಲ್ಲ; ವರ್ಷಕ್ಕೆ 7,50,000 ಡಾಲರುಗಳನ್ನು ಮೀರಿದ ವರಮಾನದ ಮೇಲೆ ಪ್ರಕಾಶಕನು ನೂರಕ್ಕೆ 25ರಂತೆ ತೆರಬೇಕು; ಆ ವರಮಾನವೂ ಲಾಭವಲ್ಲ, ಒಟ್ಟು ಮಾರಾಟದ ಮೊತ್ತ; ಮೂವತ್ತು ದಿನಗಳ ಸೂಚನೆಯಿತ್ತು ಒಡೆಯರು ಪತ್ರವನ್ನು ಬೇಕಾದಂತೆ ತಿದ್ದಬಹುದು. ಇಂತಹವು ಅದರ ವಿಧಿಗಳು. ಶಬ್ದಾರ್ಥಗಳಲ್ಲಿ ಆಸಕ್ತಿಯುಳ್ಳವರು ಒಂದು ಸಂಗತಿಯನ್ನು ನೋಡಬೇಕು. ಹಳೆಯ ಪತ್ರದಲ್ಲಿ, ಅದರ ಯಾವ 'ಅಧಿಕೃತ' ಪಾಠವನ್ನಾದರೂ ಬಳಸಬಹುದೆಂಬ ವಾಕ್ಯವಿದೆ. ಆಯ್ಕೆಯನ್ನು ಕೊಡುವುದಕ್ಕಾಗಿ ಹುಟ್ಟಿದ ಈ ವಾಕ್ಯದ ಒಂದು ಪದವನ್ನು ಕಿತ್ತು, ಆಯ್ಕೆಯನ್ನೇ ಕಸಿಯುವ ಸಾಧನವನ್ನಾಗಿ ಮಾಡಿದರು. ವಾಕ್ಯಾರ್ಥವನ್ನು ತಾತ್ಪರ್ಯದಿಂದ ನಿರ್ಣಯಿಸಬೇಕೆಂಬುದು ಮೀಮಾಂಸಕರ ಮತ. ತಾತ್ಪರ್ಯವೇನೆಂಬುದಕ್ಕೆ ಸಾಕ್ಷಿಯನ್ನು ದೂರ ಅರಸಬೇಕಾದುದಿಲ್ಲ. ಪತ್ರವು ಬದಲಾದರೂ ಹಳೆಯ ಪಾಠವನ್ನೇ ಬಳಸುತ್ತಿರಬಹುದೆಂದು ಸಂಸ್ಥೆಯೇ ತನ್ನ ಪ್ರಶ್ನೋತ್ತರಗಳಲ್ಲಿ ಹಿಂದೆ ತಿಳಿಸಿದ್ದಿತು. ಪತ್ರದ ನಿರ್ಮಾಪಕನಾದ ರಯಾನ್ ಡ್ಯಾನ್ಸಿಯೂ ರದ್ದುಮಾಡುವ ಅಧಿಕಾರವನ್ನು ಕಾದಿರಿಸಿರಲಿಲ್ಲವೆಂದು 2023ರಲ್ಲಿ ಹೇಳಿದನು. ಇನ್ನೂ ವಿಚಿತ್ರವೇನೆಂದರೆ, ಅದೇ ಕರಡಿನಲ್ಲಿ, ಅನ್ಯರು ರಚಿಸಿದುದನ್ನು ತಾವು ಬಳಸುವ ಹಕ್ಕು ಶಾಶ್ವತವೂ 'ಹಿಂತೆಗೆಯಲಾಗದುದೂ' ಆಗಿರತಕ್ಕದ್ದೆಂದು ಒಡೆಯರು ಬರೆದುಕೊಂಡಿದ್ದರು. ಪರರಿಗೆ ಕೊಟ್ಟ ಶಾಶ್ವತವು ಇಪ್ಪತ್ತಮೂರು ವರ್ಷದ್ದು. ತಮಗಿಟ್ಟುಕೊಂಡ ಶಾಶ್ವತವು ಆಚಂದ್ರಾರ್ಕವಾದುದು!

ಇನ್ನು ಪೂರ್ವಪಕ್ಷಗಳಿಗೆ ಬರೋಣ. ಸ್ವತ್ತು ಒಡೆಯನದೆಂಬುದು ಮೊದಲನೆಯದು. ನಿಜ, ಹೆಸರೂ ಮುದ್ರೆಯೂ ಗ್ರಂಥದ ಪಾಠವೂ ಅವನವು. ಆದರೆ ಊರ ಜನರಿಗೆ ದಾರಿಯನ್ನು ಬಿಟ್ಟುಕೊಟ್ಟು, ಅವರು ಅದರ ಇಕ್ಕೆಲದಲ್ಲಿ ಮನೆಗಳನ್ನು ಕಟ್ಟಿಕೊಂಡ ತರುವಾಯ, ನೆಲ ನನ್ನದೆಂದು ಬೇಲಿ ಹಾಕುವುದು ಯಾವ ನ್ಯಾಯ? ಆ ಮನೆಗಳಿಂದ ದಾರಿಯ ಬೆಲೆಯೇ ಹೆಚ್ಚಿತೆಂಬುದನ್ನು ಮರೆಯಬಾರದು. ಪಾಣಿನಿಯ ಸೂತ್ರಗಳು ಕಾತ್ಯಾಯನನ ವಾರ್ತಿಕದಿಂದಲೂ ಪತಂಜಲಿಯ ಭಾಷ್ಯದಿಂದಲೂ ಬೆಳಗಿದುವು. ಪಾಣಿನಿಯ ವಂಶಸ್ಥರಾರಾದರೂ ಬಂದು ಭಾಷ್ಯದಲ್ಲಿ ಕಾಲುಪಾಲನ್ನು ಕೇಳಿದ್ದರೆ ಶಾಸ್ತ್ರದ ಗತಿ ಏನಾಗುತ್ತಿದ್ದಿತು?

ಆಟವು ಆಟವೇ ಎಂಬುದು ಎರಡನೆಯದು. ಹಾಗೆನ್ನುವವರು ಅದನ್ನು ಬರೆದು ಹೊಟ್ಟೆ ಹೊರೆಯುವವರನ್ನು ಮರೆತಿರುವರು. ಅದೂ ಇರಲಿ. 2022ರ ಡಿಸೆಂಬರಿನಲ್ಲಿ, ಈ ಆಟದಿಂದ ಬರಬೇಕಾದಷ್ಟು ಹಣವು ಬರುತ್ತಿಲ್ಲವೆಂದು ಒಡೆಯರೇ ಹೂಡಿಕೆದಾರರೆದುರು ಹೇಳಿಕೊಂಡರು. ಹಣವನ್ನು ಎಣಿಸುವಾಗ ಅದು ಭಾರಿಯ ಸ್ವತ್ತು. ದೂರು ಬಂದಾಗ ಮಾತ್ರ ಬರಿಯ ಆಟ. ಈ ಎರಡು ನಾಲಿಗೆಯ ಮಾತು ಸಲ್ಲದು.

ಮಾರ್ಪಾಡನ್ನು ಸಹಿಸರೆಂಬುದು ಮೂರನೆಯದು. ಇದರಲ್ಲಿ ಕಿಂಚಿತ್ ಸತ್ಯವುಂಟು. ನಾಲ್ಕನೆಯ ಆವೃತ್ತಿಯನ್ನು ಓದದೆಯೇ ಹಳಿದವರಿದ್ದರು. 2024ರ ಪರಿಷ್ಕರಣವನ್ನೂ ಹಾಗೆಯೇ ಜರೆದವರಿದ್ದಾರೆ. ಒಡೆಯರ ಮೇಲಣ ಸಿಟ್ಟನ್ನು ಕೂಲಿಗೆ ಬರೆಯುವ ಲೇಖಕರ ಮೇಲೆ ಕಾರುವುದಂತೂ ನೀಚತನ. ಹೊಸ ಆವೃತ್ತಿಯನ್ನು ತರುವುದು ಒಡೆಯರ ಹಕ್ಕು, ಒಲ್ಲದವನು ಕೊಳ್ಳದಿರಲಿ. ಆದರೆ 2023ರ ದೂರು ರುಚಿಯದಲ್ಲ, ವಚನಭಂಗದ್ದು. ಇವೆರಡನ್ನೂ ಒಂದೇ ಗೋಣಿಗೆ ತುಂಬುವವರು ಜಾಣತನದಿಂದ ತುಂಬುತ್ತಿದ್ದಾರೆಯೇ ಹೊರತು ಅಜ್ಞಾನದಿಂದಲ್ಲ.

ಆಟಗಾರರು ಸಾಲುಸಾಲಾಗಿ ಚಂದಾವನ್ನು ನಿಲ್ಲಿಸಿದರು. ಸಂಸ್ಥೆಯೇ ಅಭಿಪ್ರಾಯವನ್ನು ಕೇಳಲು, 15,000ಕ್ಕೂ ಹೆಚ್ಚು ಜನರು ಉತ್ತರಿಸಿದರು. ಅವರಲ್ಲಿ ನೂರಕ್ಕೆ 89 ಮಂದಿ ಹಳೆಯ ಪತ್ರವನ್ನು ರದ್ದುಮಾಡುವುದಕ್ಕೆ ಅಸಮ್ಮತಿಯನ್ನು ತಿಳಿಸಿದರು. ಜನವರಿ 27ರಂದು ಒಡೆಯರು ಹಿಂದೆಗೆದು, ಹಳೆಯ ಪತ್ರವನ್ನು ಉಳಿಸಿ, ಐದನೆಯ ಆವೃತ್ತಿಯ ಮೂಲನಿಯಮಗಳನ್ನು ಹಿಂತೆಗೆಯಲಾಗದ 'ಕ್ರಿಯೇಟಿವ್ ಕಾಮನ್ಸ್' ಅನುಮತಿಯಲ್ಲಿ ಬಿಟ್ಟುಕೊಟ್ಟರು. ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 2024ರ ಆಗಸ್ಟಿನಲ್ಲಿ, ಕಂಪ್ಯೂಟರಿನ ಮೂಲಕ ಒದಗಿಸುವ ಪಾತ್ರಪಟಗಳಲ್ಲಿ ಹಳೆಯ ಮಂತ್ರಗಳ ಸ್ಥಾನದಲ್ಲಿ ಹೊಸ ಪಾಠವನ್ನು ಹಾಕುವೆವೆಂದು ಸಾರಿ, ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನೂ ಹಿಂದೆಗೆದರು. ಕೂಗಿದರೆ ಮಾತ್ರ ನೆನಪಾಗುವ ನ್ಯಾಯವನ್ನು ನ್ಯಾಯವೆನ್ನಬಹುದೆ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಮ್ಮ ಹಳ್ಳಿಗರು ಬಲ್ಲರು. ಒಡೆಯರು ಇನ್ನು ಮುಂದೆ ಆಟಗಾರರನ್ನು ಕೇಳಿಯೇ ಪತ್ರಗಳನ್ನು ಬರೆಯಲಿ. ಮಾರಿದುದನ್ನು ಮಾರಿದಂತೆಯೇ ಇರಗೊಡಲಿ. ಆಟಗಾರರಾದರೋ ತಮ್ಮ ಬಲವನ್ನು ತಿಳಿಯಲಿ. ಕಪಾಟಿನಲ್ಲಿರುವ ಹಳೆಯ ಗ್ರಂಥವನ್ನು ಯಾವ ಕಂಪೆನಿಯೂ ಬಂದು ತಿದ್ದಲಾರದು. ಅದನ್ನು ತೆರೆದು ನಾಲ್ವರು ಗೆಳೆಯರೊಡನೆ ಕುಳಿತರೆ, ಆ ಮೇಜಿಗೆ ಅವರೇ ಒಡೆಯರು. ಮುದ್ರಿತ ಗ್ರಂಥವನ್ನು ಕಾಪಾಡಿಕೊಳ್ಳಲಿ, ಸಣ್ಣ ಪ್ರಕಾಶಕರನ್ನು ಪೋಷಿಸಲಿ, ಬೈಗುಳವನ್ನು ಬಿಟ್ಟು ಹಣವನ್ನು ತಡೆಹಿಡಿಯಲಿ. 2023ರಲ್ಲಿ ಫಲಿಸಿದ ಉಪಾಯವು ಅದೊಂದೇ.