ಸವೆಯುವ ಗುಡ್ಡದ ಮೇಲಿನ ಊರು

ಇಟಲಿಯ ರೋಮ್ ನಗರಕ್ಕೆ ಉತ್ತರದಲ್ಲಿ ಚಿವಿತಾ ದಿ ಬಾನ್ಯೊರೇಜೊ ಎಂಬ ಪುಟ್ಟ ಊರಿದೆ. ಸುಮಾರು 2500 ವರ್ಷಗಳ ಹಿಂದೆ ಎಟ್ರುಸ್ಕನ್ ಜನರು ಕಟ್ಟಿದ ಈ ಊರಿಗೆ ನೆಲವೇ ಶತ್ರುವಾಯಿತು. ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡ ಕಲ್ಲು, ಅಡಿಯಲ್ಲಿ ಜೇಡಿಮಣ್ಣು. ಮಳೆನೀರು ಮಣ್ಣನ್ನು ಕೊರೆದಂತೆಲ್ಲ ಮೇಲಿನ ಬಂಡೆ ಮನೆಗಳ ಸಮೇತ ಕಣಿವೆಗೆ ಉರುಳುತ್ತದೆ.

1695ರ ಭೂಕಂಪದ ತರುವಾಯ ಬಿಷಪ್ಪರ ಪೀಠವೂ ಊರಾಡಳಿತವೂ ನೆರೆಯ ಬಾನ್ಯೊರೇಜೊಗೆ ತೆರಳಿದವು. 13ನೆಯ ಶತಮಾನದ ಸಂತ ಬೊನವೆಂತೂರರು ಜನಿಸಿದ ಮನೆಯೂ ಕುಸಿದು ಹೋಯಿತು. ಚೌಕದಲ್ಲಿ ಸಂತ ದೊನಾತೊ ದೇವಾಲಯ ಮಾತ್ರ ಇಂದಿಗೂ ನಿಂತಿದೆ. 1965ರಲ್ಲಿ ನಿರ್ಮಿಸಿದ ಕಾಲುಸೇತುವೆಯೊಂದೇ ಊರಿಗೆ ದಾರಿ. ವರ್ಷವಿಡೀ ನೆಲೆಸಿರುವವರು ಬೆರಳೆಣಿಕೆಯಷ್ಟು ಮಂದಿ. 2013ರಿಂದ ಪ್ರವಾಸಿಗರು ಪ್ರವೇಶಶುಲ್ಕ ತೆರುತ್ತಿದ್ದಾರೆ.

ಓದುಗರೇ, ಮಹಾತ್ಮರ ಮನೆಯನ್ನೂ ಮಣ್ಣು ಉಳಿಸಲಿಲ್ಲ; ಆದರೆ ಅವರು ಬರೆದ ಗ್ರಂಥಗಳು ಉಳಿದಿವೆ. ನಾವು ಮಕ್ಕಳಿಗೆ ಬಿಟ್ಟುಹೋಗುವುದು ಯಾವುದು?